ಬೀಟೆಗೆ ಇಳಿದ ಅಕ್ರೋಟಿನ ಕೆತ್ತನೆ

ಬೆಂಗಳೂರಿನ ರಾಜಾಜಿನಗರದ ಪೀಠೋಪಕರಣದ ಅಂಗಡಿಗಳಲ್ಲಿ ಈಗ ‘ವಾಲ್‌ನಟ್’ ಎಂದರೆ ಒಂದು ಬಣ್ಣ. ವೆಸ್ಟ್ ಆಫ್ ಕಾರ್ಡ್ ರಸ್ತೆಯ ಶೋರೂಮುಗಳಲ್ಲಿ ಮಂಚ ಕೇಳಿದರೆ ಟೀಕ್ ಫಿನಿಶ್, ಮಹಾಗನಿ ಫಿನಿಶ್, ವಾಲ್‌ನಟ್ ಫಿನಿಶ್ ಎಂದು ಚೂರು ಹಲಗೆಗಳನ್ನು ತಂದು ಮುಂದಿಡುತ್ತಾರೆ. ಒಳಗಿರುವುದು ಹೆಚ್ಚಿನಂಶ ರಬ್ಬರ್ ಮರ, ಇಲ್ಲವೇ ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆ. ಅದೇ ಬಡಾವಣೆಯ ಒಳರಸ್ತೆಗಳಿಗೆ ಇಳಿದರೆ, ಹಳೆಯ ಬ್ಲಾಕುಗಳ ಕೆಲವು ಮನೆಗಳ ನಡುಮನೆಯಲ್ಲಿ ಬೀಟೆಯ ಸೋಫಾ, ನಿಲುಗನ್ನಡಿಯ ಮೇಜು, ಕೆತ್ತನೆಯ ಬೀರು ಇನ್ನೂ ಉಳಿದಿವೆ. ಅವುಗಳಲ್ಲಿ ಅಕ್ರೋಟಿನ, ಅಂದರೆ ವಾಲ್‌ನಟ್ಟಿನ, ಮರ ಎಳ್ಳಷ್ಟೂ ಇಲ್ಲ. ಆದರೆ ಯೂರೋಪಿನ ಅಕ್ರೋಟಿನ ಮೇಲೆ ಬೆಳೆದ ಕೆತ್ತನೆಯೊಂದು ಅಲ್ಲಿ ನಮ್ಮ ಮರಕ್ಕೆ, ನಮ್ಮ ಉಳಿಗೆ ಇಳಿದು ಕೂತಿದೆ.

ಈ ಸಾಮಾನುಗಳ ವಿಷಯದಲ್ಲಿ ನಮ್ಮಲ್ಲಿ ಒಂದು ಗೊಂದಲ ಬಹಳ ಹಿಂದಿನಿಂದ ಇದೆ. ಕಲೆ ಬಲ್ಲವರು ಅವನ್ನು ‘ಬ್ರಿಟಿಷರ ನಕಲು’ ಎಂದು ಪಕ್ಕಕ್ಕೆ ಸರಿಸುತ್ತಾರೆ. ಹಳೇ ಸಾಮಾನು ವ್ಯಾಪಾರಿಗಳು ಕಂಡದ್ದಕ್ಕೆಲ್ಲ ‘ಆಂಟಿಕ್’ ಎಂಬ ಹೆಸರು ಹಚ್ಚುತ್ತಾರೆ. ಮನೆಯವರಿಗೆ ಅದು ಅಜ್ಜನ ಕಾಲದ ಭಾರ. ಮನೆ ಕೆಡವಿ ಮೂರು ಅಂತಸ್ತು ಎಬ್ಬಿಸುವಾಗ ಎಲ್ಲಿ ಇಡುವುದೆಂಬ ತಲೆನೋವು. ಮೂವರೂ ಕೆತ್ತನೆಯನ್ನು ಹತ್ತಿರದಿಂದ ನೋಡುವುದಿಲ್ಲ ಎನ್ನುವುದು ನನ್ನ ತಕರಾರು. ಹಳೆಯ ಶೈಲಿಯೊಂದನ್ನು ಮತ್ತೆ ಎತ್ತಿಕೊಂಡು ಮಾಡಿದ ಕೆಲಸವನ್ನು ಅದರ ವಯಸ್ಸಿನಿಂದಲೋ ಮೂಲದ ಊರಿನಿಂದಲೋ ಅಳೆಯಲು ಬರುವುದಿಲ್ಲ. ಕೈ ಏನು ಮಾಡಿದೆ ಎಂಬುದೊಂದೇ ಅಳತೆ.

ಮೂಲದ ಕಥೆಯನ್ನು ಚುಟುಕಾಗಿ ಹೇಳಬಹುದು. ಯೂರೋಪಿನಲ್ಲಿ ಅಕ್ರೋಟ್ ಒಂದು ಕಾಲಕ್ಕೆ ಪೀಠೋಪಕರಣದ ರಾಜ. ಹದಿನಾರನೆಯ ಶತಮಾನದ ಇಟಲಿ ಮತ್ತು ಫ್ರಾನ್ಸಿನ ಕೆತ್ತನೆಗಾರರಿಗೆ ಅದಕ್ಕಿಂತ ಒಳ್ಳೆಯ ಮರ ಇರಲಿಲ್ಲ. ಎಳೆ ನಯ, ಉಳಿಗೆ ಒಗ್ಗುತ್ತದೆ, ಸಣ್ಣ ಅಂಚನ್ನೂ ಮುರಿಯದೆ ಹಿಡಿದಿಡುತ್ತದೆ. 1709ರ ಭೀಕರ ಚಳಿಗೆ ಅಲ್ಲಿನ ಅಕ್ರೋಟ್ ಮರಗಳು ಅಪಾರವಾಗಿ ಸತ್ತವು. 1720ರಲ್ಲಿ ಫ್ರಾನ್ಸ್ ಆ ಮರದ ರಫ್ತನ್ನೇ ನಿಲ್ಲಿಸಿತು. ಇಂಗ್ಲೆಂಡಿನವರು ಮಹಾಗನಿಯ ಕಡೆ ತಿರುಗಿದರು. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಹಳೆಯ ಶೈಲಿಗಳನ್ನು ಮರಳಿ ತರುವ ಹುಚ್ಚು ಯೂರೋಪನ್ನೆಲ್ಲ ಹಿಡಿದಾಗ ಅಕ್ರೋಟೂ ಮರಳಿತು. ಫ್ರಾನ್ಸಿನಲ್ಲಿ ಎರಡನೆಯ ಆನ್ರಿ ದೊರೆಯ ಹೆಸರಿನ ಶೈಲಿಯಲ್ಲಿ ಮಧ್ಯಮವರ್ಗದ ಊಟದ ಮನೆಗಳಿಗೂ ಕೆತ್ತನೆಯ ಬೀರುಗಳು ಬಂದವು. ಫ್ಲಾರೆನ್ಸಿನಲ್ಲಿ ಲುಯಿಜಿ ಫ್ರುಲ್ಲಿನಿಯಂಥವರು ಮುನ್ನೂರು ವರ್ಷ ಹಿಂದಿನ ಕೈಗಳನ್ನು ಮತ್ತೆ ಎಬ್ಬಿಸಿದರು. ಅಮೆರಿಕದಲ್ಲಿ 1860–80ರ ನಡುವೆ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಿನ ಕಾರ್ಖಾನೆಗಳು ಕಪ್ಪು ಅಕ್ರೋಟಿನಲ್ಲಿ ಇದನ್ನೇ ರಾಶಿ ರಾಶಿಯಾಗಿ ಮಾಡಿದವು. ಯಂತ್ರಕ್ಕೂ ಈ ಮರುಹುಟ್ಟಿಗೂ ಮೊದಲಿನಿಂದ ನಂಟಿದೆ: ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡದ ಮರಗೆಲಸಕ್ಕೆ ಬಳಸಿದ ಜೋರ್ಡನ್ ಕೆತ್ತನೆ ಯಂತ್ರಕ್ಕೆ ಪೇಟೆಂಟ್ ಸಿಕ್ಕಿದ್ದು 1845ರಲ್ಲಿ.

ಭಾರತಕ್ಕೆ ಈ ಶೈಲಿ ಬಂದಾಗ ಮರ ಬದಲಾಯಿತು. ಅಕ್ರೋಟ್ ಇಲ್ಲಿ ಹಿಮಾಲಯದ ಮರ. ಕಾಶ್ಮೀರದ ಕೆತ್ತನೆಗಾರರ ಸೊತ್ತು. ದಕ್ಷಿಣದಲ್ಲಿ ಕೈಗೆಟುಕಿದ್ದು ತೇಗ ಮತ್ತು ಬೀಟೆ. ಬೊಂಬಾಯಿಯ ಬಡಗಿಗಳು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬೀಟೆಯ ಮೇಲೆ ಹೂಬಳ್ಳಿಗಳನ್ನು ಒಂದಿಂಚೂ ಬಿಡದೆ ತುಂಬಿ ಒಂದು ಮಾದರಿಯನ್ನೇ ಕಟ್ಟಿದರು. 1851ರ ಲಂಡನ್ ಮಹಾಪ್ರದರ್ಶನಕ್ಕೂ ಅದು ಹೋಯಿತು. ಬೀಟೆಯನ್ನು ಕೆತ್ತುವುದು ಅಕ್ರೋಟನ್ನು ಕೆತ್ತಿದಷ್ಟು ಸಲೀಸಲ್ಲ. ಒಣಗಿದ ಅಕ್ರೋಟಿನ ಒಂದು ಘನ ಮೀಟರು ಸುಮಾರು 640 ಕಿಲೋ ತೂಗಿದರೆ ಬೀಟೆ 830ರ ಆಸುಪಾಸಿನಲ್ಲಿರುತ್ತದೆ. ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಉಳಿಯನ್ನು ಒಂದು ಕಡೆಯಿಂದ ನಯವಾಗಿ ನೂಕಿದರೆ ಇನ್ನೊಂದು ಕಡೆ ಸಿಬಿರು ಏಳುತ್ತದೆ. ಉಳಿಯನ್ನು ಮತ್ತೆ ಮತ್ತೆ ಮಸೆಯಬೇಕು. ಬೀಟೆಯ ಕೆತ್ತನೆ ಅಕ್ರೋಟಿನದಕ್ಕಿಂತ ದಪ್ಪ, ಗುಂಡಗೆ, ಆಳ ಕಡಿಮೆಯಾಗಿ ಕಾಣುವುದಕ್ಕೆ ಕಾರಣ ಕುಶಲತೆಯ ಕೊರತೆ ಅಲ್ಲ. ಮರದ ಗುಣವೇ ಅದು.

ಮೈಸೂರು ಸೀಮೆಯಲ್ಲಿ ಇದಕ್ಕೆ ಅರಮನೆಯ ಬಲ ಸಿಕ್ಕಿತು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಹೊತ್ತಿಗೆ ಮರದ ಹಳೆಯ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ರೂಪಿಸಿ 1912ಕ್ಕೆ ಮುಗಿದ ಹೊಸ ಅರಮನೆ ಮೇಲಿನಿಂದ ಕೆಳಗಿನವರೆಗೆ ಹಳೆಯ ಶೈಲಿಗಳ ಮರುಹುಟ್ಟಿನ ಕಟ್ಟಡ. ಹೊಯ್ಸಳ, ರಜಪೂತ, ಮೊಗಲ, ಗಾಥಿಕ್ ಎಲ್ಲವೂ ಅಲ್ಲಿ ಬೆರೆತಿವೆ. ಒಳಗೆ ಕಲ್ಯಾಣಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಬಂದವು; ಅಂಬಾವಿಲಾಸ ಸಭಾಂಗಣದ ಬೀಟೆಯ ಬಾಗಿಲುಗಳ ಮೇಲಿನ ದಂತದ ಕೂರಣೆ (ಇನ್‌ಲೇ) ಇಲ್ಲಿಯ ಕೈಗಳದ್ದು. ಅದೇ ಕಾಲಕ್ಕೆ ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಎದ್ದಿತು. 1906ರಲ್ಲಿ ಅದರ ಶಂಕುಸ್ಥಾಪನೆ ಮಾಡಿದ್ದು ಮುಂದೆ ಐದನೆಯ ಜಾರ್ಜ್ ಆದ ರಾಜಕುಮಾರ. ಮರಗೆಲಸ, ಕೆತ್ತನೆ, ಕೂರಣೆ ಕೆಲಸಗಳನ್ನು ಅಲ್ಲಿ ಶಾಲೆಯ ಪಾಠದಂತೆ ಕಲಿಸಿದರು. ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತಿದ್ದ ವಿದ್ಯೆ ನಕ್ಷೆಯ ಕಾಗದಕ್ಕೆ ಇಳಿದದ್ದು ಸಣ್ಣ ಸಂಗತಿಯಲ್ಲ. ಹಳೇ ಮೈಸೂರಿನ ವಕೀಲರು, ಅಮಲ್ದಾರರು, ಸಾಹುಕಾರರ ಮನೆಗಳಿಗೆ ಕೆತ್ತನೆಯ ಕುರ್ಚಿಯ ಆಸೆ ಹಬ್ಬಿದ್ದು ಈ ಹವೆಯಲ್ಲಿ.

ಬೆಂಗಳೂರಿನಲ್ಲಿ ಈ ಶೈಲಿಗೆ ಇನ್ನೊಂದು ಮೂಲ ಇತ್ತು. 1862ರಲ್ಲಿ ರೆವರೆಂಡ್ ಗ್ಯಾರೆಟ್ ಆರಂಭಿಸಿದ ಬೆಂಗಳೂರು ಅರಮನೆ ಟ್ಯೂಡರ್ ಶೈಲಿಯ ಮರುಹುಟ್ಟು. 1873ರಲ್ಲಿ ಅದು ಎಳೆಯ ಚಾಮರಾಜೇಂದ್ರ ಒಡೆಯರ ಹೆಸರಿಗೆ ಬಂತು. ದಂಡು ಪ್ರದೇಶದ ಬಂಗಲೆಗಳಲ್ಲಿ ಇಂಗ್ಲಿಷರ ಅಭಿರುಚಿಯ ಸಾಮಾನು ತುಂಬಿತ್ತು. ಅವರು ವರ್ಗವಾಗಿ ಹೋದಾಗ, ಆಮೇಲೆ 1947ರಲ್ಲಿ ಪೂರ್ತಿ ಹೊರಟಾಗ, ಬಂಗಲೆಯ ಸಾಮಾನು ಹರಾಜಿಗೆ ಬಿತ್ತು.

ಶಿವಮೊಗ್ಗ–ಉತ್ತರ ಕನ್ನಡದ ಪರಂಪರೆಯ ಕೆತ್ತನೆಗಾರರಾದ ಗುಡಿಗಾರರನ್ನು ಇಲ್ಲಿ ಬೇರೆಯಾಗಿಯೇ ನೋಡಬೇಕು. ಸಾಗರ, ಸೊರಬ, ಶಿರಸಿ, ಕುಮಟೆಗಳ ಗುಡಿಗಾರರ ಮುಖ್ಯ ಮರ ಗಂಧ. ಮದುವೆಯ ಬಾಸಿಂಗಕ್ಕೆ ಬೆಂಡಿನ ಕೆಲಸವೂ ಅವರದೇ. ಅವರ ಕೆತ್ತನೆಯ ಬಳ್ಳಿ ತುದಿ ಸಿಗದಂತೆ ಸುತ್ತಿಕೊಂಡು, ನಡುವೆ ಆನೆ, ಸಿಂಹ, ದೇವತೆಗಳಿಗೆ ಜಾಗ ಬಿಟ್ಟುಕೊಡುತ್ತದೆ. ಯೂರೋಪಿನ ಮುಳ್ಳಂಚಿನ ಅಕ್ಯಾಂಥಸ್ ಎಲೆ ಮೈಸೂರಿನ ಪೀಠೋಪಕರಣಕ್ಕೆ ಬಂದಾಗ ನಮ್ಮ ಕೈಗಳಿಗೆ ಅದು ಹೊಸದಾಗಿ ಕಾಣದಿದ್ದುದಕ್ಕೆ ಇಂಥ ಬಳ್ಳಿಯೇ ಕಾರಣ. ದೇವಸ್ಥಾನದ ತೇರಿನಲ್ಲಿ, ಬಾಗಿಲವಾಡದಲ್ಲಿ ಎಲೆಯ ಸುರುಳಿಯನ್ನು ಅವು ನೂರಾರು ವರ್ಷಗಳಿಂದ ತಿರುಗಿಸುತ್ತಲೇ ಇದ್ದವು.

ರಾಜಾಜಿನಗರದ ಒಂದು ಮನೆಯಲ್ಲಿ ನಾನು ಬಹಳ ಹೊತ್ತು ನೋಡಿದ ಬೀರುವಿನಲ್ಲಿ ಈ ಬೆರಕೆಯನ್ನು ಬೆರಳಿಟ್ಟು ತೋರಿಸಬಹುದು. ಮೇಲಿನ ಕಿರೀಟದ ಪಟ್ಟಿ ಪೂರಾ ಯೂರೋಪಿನದು: ಮುರಿದ ಕಮಾನು, ನಡುವೆ ಗುರಾಣಿಯ ಆಕಾರ. ಆ ಗುರಾಣಿಯ ಒಳಗೆ ಕೂತಿರುವುದು ಗಂಡಭೇರುಂಡ. ಎರಡು ಪಕ್ಕದಲ್ಲಿ ಅಲ್ಲಿನವರು ಸಿಂಹದ ತಲೆ ಇಡುವಲ್ಲಿ ಇಲ್ಲಿ ಯಾಳಿ; ಸೊಂಡಿಲು ಕೆಳಗಿಳಿದು ಎಲೆಯಾಗಿ ಮುಗಿಯುತ್ತದೆ. ಎಡಬದಿಯ ಎಲೆಗಳಲ್ಲಿ ನಡುನರ ಹರಿತ. ಬಲಬದಿಯ ಎಲೆಗಳಲ್ಲಿ ಅದು ಮೊಂಡು, ಅಂಚು ಅಲ್ಲಲ್ಲಿ ಕಿತ್ತಿದೆ. ಇಬ್ಬರು ಕೆಲಸ ಮಾಡಿರಬೇಕು: ಒಬ್ಬ ಹಳೆಯ ಕೈ, ಇನ್ನೊಬ್ಬ ಕಲಿಯುವ ಹುಡುಗ. ಖಾನೆಯನ್ನು ಪೂರಾ ಹೊರಗೆಳೆದು ತಿರುಗಿಸಿದರೆ ಹಿಂಬದಿ ಹಲಸಿನ ಹಲಗೆ. ಹತ್ತರಿಯ ಅಲೆ ಕೈಗೆ ತಾಗುತ್ತದೆ. ಕಾಣುವ ಕಡೆಗೆ ಬೀಟೆ, ಕಾಣದ ಕಡೆಗೆ ಅಗ್ಗದ ಮರ ಎಂಬುದು ಮೋಸವಲ್ಲ, ಆ ಕಾಲದ ಎಲ್ಲ ಊರುಗಳ ಬಡಗಿಗಳ ಲೆಕ್ಕಾಚಾರ. ಇದನ್ನು ನಕಲು ಎನ್ನುವವರು ಯಾಳಿಯ ಸೊಂಡಿಲು ಎಲೆಯಾಗುವ ಆ ನಾಲ್ಕು ಅಂಗುಲವನ್ನು ನೋಡಿಲ್ಲ. ಅದಕ್ಕೆ ಎದುರಿಗೆ ಇಟ್ಟುಕೊಳ್ಳಲು ಯಾವ ಮೂಲಚಿತ್ರವೂ ಇರಲಿಲ್ಲ; ಅಲ್ಲಿ ಕೈಯೇ ದಾರಿ ಹುಡುಕಿದೆ.

ಇಂಥ ಸಾಮಾನು ಒಂದು ಕೈಗಾರಿಕಾ ಬಡಾವಣೆಗೆ ಬಂದದ್ದಾದರೂ ಹೇಗೆ? ರಾಜಾಜಿನಗರ ಹುಟ್ಟಿದ್ದು 1949ರಲ್ಲಿ, ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ. ಕಾರ್ಖಾನೆಯವರಿಗೂ ನೌಕರರಿಗೂ ನಿವೇಶನ ಕೊಡುವ ಬಡಾವಣೆ ಅದು. ಪೇಟೆಯ ಇಕ್ಕಟ್ಟಿನಿಂದ, ಹಳೇ ಮೈಸೂರಿನ ಊರುಗಳಿಂದ ಬಂದ ಕುಟುಂಬಗಳು ಇಲ್ಲಿ ಮನೆ ಕಟ್ಟಿದವು. ಬರುವಾಗ ಪಾಲಿಗೆ ಬಂದ ಮಂಚ, ಬೀರು ಲಾರಿ ಹತ್ತಿದವು. ಮಗಳ ಮದುವೆಗೆಂದು ಹರಾಜಿನಲ್ಲಿ ಕೊಂಡ ಸೋಫಾ ಬಂತು. ಆ ಮನೆಗಳಿಗೆ ಎತ್ತರದ ಚಾವಣಿ, ಅಗಲದ ಬಾಗಿಲು ಇದ್ದವು.  

ಅದೇ ಹೊತ್ತಿಗೆ ಎದ್ದ ವಿಧಾನಸೌಧವನ್ನು ಇಲ್ಲಿ ಮರೆಯುವಂತಿಲ್ಲ. 1951ರಲ್ಲಿ ನೆಹರೂ ಅಡಿಗಲ್ಲಿಟ್ಟು 1956ಕ್ಕೆ ಮುಗಿದ ಆ ಕಟ್ಟಡ ಕೆಂಗಲ್ ಹನುಮಂತಯ್ಯನವರ ಹಟದ ಫಲ. ಸ್ವತಂತ್ರ ಭಾರತದಲ್ಲಿ ದ್ರಾವಿಡ ಶೈಲಿಯನ್ನು ಬೇಕೆಂದೇ ಮರಳಿ ತಂದ ಕಟ್ಟಡ. ಸಚಿವ ಸಂಪುಟದ ಸಭಾಂಗಣದ ಬಾಗಿಲು ಕೆತ್ತನೆಯ ಗಂಧದ ಮರದ್ದು. ಅದನ್ನು ಯಾರೂ ನಕಲು ಎನ್ನುವುದಿಲ್ಲ. ಕರ್ನಾಟಕದ ಹೆಮ್ಮೆ ಎನ್ನುತ್ತೇವೆ, ಹಾಗೆನ್ನುವುದು ಸರಿಯೂ ಹೌದು. ಕಲ್ಲಿನ ಗುಡಿಯ ಶೈಲಿಯನ್ನು ಇಪ್ಪತ್ತನೆಯ ಶತಮಾನದ ಕಚೇರಿಗೆ ತಂದದ್ದು ಸೃಷ್ಟಿಯಾಗುವುದಾದರೆ ಅಕ್ರೋಟಿನ ಎಲೆಯನ್ನು ಬೀಟೆಯ ಬೀರುವಿಗೆ ತಂದದ್ದೂ ಸೃಷ್ಟಿಯೇ. ಒಂದಕ್ಕೆ ಒಂದು ತಕ್ಕಡಿ, ಇನ್ನೊಂದಕ್ಕೆ ಬೇರೆ ತಕ್ಕಡಿ ಎಂಬುದನ್ನು ನಾನು ಒಪ್ಪಲಾರೆ.

ಹಾಗೆಂದು ವ್ಯಾಪಾರಿ ಹೇಳುವ ‘ನೂರೈವತ್ತು ವರ್ಷದ ಆಂಟಿಕ್’ ಎಲ್ಲವನ್ನೂ ನಂಬಬೇಕಿಲ್ಲ. ಕಾರೈಕುಡಿಯ ಚೆಟ್ಟಿನಾಡು ಮನೆಗಳ ಕಂಬ–ಬಾಗಿಲುಗಳು ಬೆಂಗಳೂರಿಗೆ ದಂಡಿಯಾಗಿ ಬರುತ್ತವೆ. ಹಳೆಯ ಚೂರುಗಳನ್ನು ಸೇರಿಸಿ ಕಟ್ಟಿದ ಹೊಸ ಬೀರುಗಳೂ ಬರುತ್ತವೆ. ಪರೀಕ್ಷೆ ಮುಂಭಾಗದಲ್ಲಿ ಅಲ್ಲ, ಹಿಂಭಾಗದಲ್ಲಿ, ತಳದಲ್ಲಿ, ಖಾನೆಯ ಒಳಗೆ ನಡೆಯಬೇಕು. ಹಿಂಬದಿಗೆ ಪ್ಲೈವುಡ್ ಇದ್ದರೆ ಒಂದೋ ಸಾಮಾನು ಈಚಿನದು, ಇಲ್ಲವೇ ರಿಪೇರಿ ಆಗಿದೆ. ಖಾನೆಯ ಮೂಲೆಯ ಹಲ್ಲುಗಳು ಒಂದೇ ಅಳತೆಯಲ್ಲಿ ಸಾಲುಗಟ್ಟಿದ್ದರೆ ಯಂತ್ರದ ಕೆಲಸ. ಒಂದು ಅಗಲ, ಇನ್ನೊಂದು ಕಿರಿದು, ನಡುವೆ ಗೀಟು ಹಾಕಿದ ಗುರುತು ಇದ್ದರೆ ಕೈಯದು. ಹಲಗೆಯ ಮೇಲೆ ಗರಗಸದ ಗೆರೆ ನೇರವಾಗಿದೆಯೋ ಕಮಾನಿನಂತೆ ಬಾಗಿದೆಯೋ ನೋಡಬೇಕು. ಬಾಗಿದ ಗೆರೆ ಚಕ್ರದ ಗರಗಸದ ಗುರುತು. ಅಂಟೂ ಮಾತಾಡುತ್ತದೆ. ಫೆವಿಕಾಲ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಅದಕ್ಕೆ ಮೊದಲು ಬಡಗಿಗಳು ಕುದಿಸಿ ಹಚ್ಚುತ್ತಿದ್ದುದು ಮರವಜ್ರ. ಅದು ಸಂದುಗಳಲ್ಲಿ ಕಂದು ಬಣ್ಣದ ಗಾಜಿನ ಹರಳಿನಂತೆ ಒಣಗಿ ನಿಂತಿರುತ್ತದೆ. ಮರವಜ್ರದ ದೊಡ್ಡ ಗುಣವೆಂದರೆ ಬಿಸಿ, ತೇವ ಕೊಟ್ಟರೆ ಬಿಡುತ್ತದೆ. ಸಂದು ಬಿಚ್ಚಿ ಮತ್ತೆ ಕೂಡಿಸಬಹುದು. ಇಂಥ ಬೀರುವಿಗೆ ಆಮೇಲೆ ಯಾರೋ ಫೆವಿಕಾಲ್ ಸುರಿದಿದ್ದರೆ ಮುಂದಿನ ರಿಪೇರಿಗೆ ಮರವನ್ನೇ ಒಡೆಯಬೇಕಾಗುತ್ತದೆ.

ನೂರು ವರ್ಷ ದಾಟಿದ ಮರದ ಕೆತ್ತನೆ 1972ರ ಪುರಾತನ ವಸ್ತು ಮತ್ತು ಕಲಾನಿಧಿಗಳ ಕಾಯಿದೆಯ ಮಿತಿಗೆ ಬರುತ್ತದೆ. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮಗ ಅಜ್ಜಿಯ ಕುರ್ಚಿ ಬೇಕೆಂದು ಕೇಳಿದಾಗ ಇದು ಬಹಳ ಮನೆಗಳಲ್ಲಿ ಮೊದಲ ಸಲ ಗೊತ್ತಾಗುತ್ತದೆ. ವಯಸ್ಸು ಅಷ್ಟಾಗದ ಬೀಟೆಗೂ ತೊಡಕು ಇದೆ: ಬೀಟೆಯ ಕುಲದ ಮರಗಳೆಲ್ಲ 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಯಲ್ಲಿವೆ. ದಂತದ ಕೂರಣೆ ಇದ್ದರೆ ವನ್ಯಜೀವಿ ಕಾಯಿದೆ ಅಡ್ಡ ಬರುತ್ತದೆ. ಮೈಸೂರಿನ ಕೂರಣೆಯವರು ದಂತ ಬಿಟ್ಟು ಬೇರೆ ಬೇರೆ ಬಣ್ಣದ ಮರದ ಚೂರುಗಳಿಗೆ, ಪ್ಲಾಸ್ಟಿಕ್ಕಿಗೆ ಬದಲಾದದ್ದು ಇದರಿಂದಲೇ. ಆ ಕಲೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಬೀಟೆ ಸಿಗುವುದು ಮಾತ್ರ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಇರುವ ಸಾಮಾನನ್ನು ಉಳಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಆ ಅಗಲದ ಬೀಟೆಯ ಹಲಗೆ ಇನ್ನು ನಮ್ಮ ಮಕ್ಕಳಿಗೆ ಹೊಸದಾಗಿ ಸಿಗುವುದಿಲ್ಲ.

ಕೆತ್ತನೆಯ ಆಸೆ ಸತ್ತಿದೆ ಎನ್ನುವುದೂ ತಪ್ಪು. ಮೈಸೂರು ರಸ್ತೆಯ ಟಿಂಬರ್ ಯಾರ್ಡಿನ ಕಡೆ ಹೋಗಿ ನೋಡಿದರೆ ಮುಂಬಾಗಿಲಿಗೆ ಗಜಲಕ್ಷ್ಮಿ, ದೇವರಮನೆಯ ಬಾಗಿಲಿಗೆ ಸಾಲು ಗಂಟೆ, ಹೊಸ್ತಿಲಿಗೆ ಕಮಲ ಕೇಳಿಕೊಂಡು ಬರುವವರಿಗೆ ಕೊರತೆಯಿಲ್ಲ. ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಹೊಸ ಮನೆಗಳಲ್ಲಿ ಕೆತ್ತನೆಯ ಬಾಗಿಲು ಅಂತಸ್ತಿನ ಗುರುತು. ಈಗ ಅದನ್ನು ಹೆಚ್ಚಾಗಿ ಮಾಡುವುದು ಸಿಎನ್‌ಸಿ ಯಂತ್ರ. ಕಂಪ್ಯೂಟರಿನಲ್ಲಿ ಚಿತ್ರ ಆರಿಸಿದರೆ ತಿರುಗುವ ಮೊನೆ ಹಲಗೆಯನ್ನು ಕೊರೆಯುತ್ತದೆ. ಕೈಗೆ ವಾರಗಟ್ಟಲೆ ಹಿಡಿಯುವ ಕೆಲಸ ಅಲ್ಲಿ ಗಂಟೆಗಳ ಲೆಕ್ಕ. ಜೋರ್ಡನ್ ಯಂತ್ರದ ಕಾಲದಿಂದಲೂ ಒರಟು ಕೊರೆತವನ್ನು ಯಂತ್ರಕ್ಕೆ ಬಿಟ್ಟು, ಕೊನೆಯ ಅಂಚನ್ನು ಕೈ ತಿದ್ದುವ ರೂಢಿ ಇತ್ತು. ಈಗಲೂ ಹಾಗೆ ಮಾಡಿದರೆ ನನ್ನ ಆಕ್ಷೇಪವಿಲ್ಲ. ಗುಂಡು ಮೊನೆ ಹೋಗದ ಮೂಲೆಗಳನ್ನು ಉಳಿಯಲ್ಲಿ ಬಿಡಿಸದೆ, ಗಜಲಕ್ಷ್ಮಿಯ ಕಣ್ಣು–ಬೆರಳು ಕರಗಿದಂತೆ ಇರುವಾಗಲೇ ಮೇಲೆ ಪಾಲಿಶ್ ಬಳಿದು ಕೊಡುವುದು ಮಾತ್ರ ಸಹಿಸಲಾಗದ್ದು. ಕೈ ಉಳಿ ಹಿಡಿಯುವ ಕೊನೆಯ ಅವಕಾಶವನ್ನೂ ಅಲ್ಲಿ ಕಿತ್ತುಕೊಂಡಂತಾಗಿದೆ.

ಹಳೆಯ ಸಾಮಾನಿಗೆ ಇವತ್ತು ಹೆಚ್ಚು ಹಾನಿ ಮಾಡುತ್ತಿರುವುದು ಗೆದ್ದಲಲ್ಲ, ‘ಹೊಸದು ಮಾಡಿಕೊಡುತ್ತೇವೆ’ ಎನ್ನುವ ಪಾಲಿಶ್. ಬೀಟೆಯ ಚೇಗಿಗೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ಕೊರೆಹುಳು ಬರುವುದು ಅಂಚಿನ ಬಿಳಿ ಮರಕ್ಕೆ, ಹಿಂಬದಿಯ ಅಗ್ಗದ ಹಲಗೆಗೆ. ತಳದಲ್ಲಿ ನುಣ್ಣನೆಯ ಹಿಟ್ಟು ಉದುರಿದ್ದರೆ ಹುಳು ಈಗಲೂ ಇದೆ ಎಂದರ್ಥ. ಮೊದಲು ಅದಕ್ಕೆ ಔಷಧ ಹಾಕಿಸಬೇಕು. ಪಾಲಿಶಿನ ಕಥೆ ಬೇರೆ. ಹಳೆಯ ಹೊಳಪು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯುಂಡೆಯನ್ನು ಬಟ್ಟೆಯಲ್ಲಿ ಸುತ್ತಿ, ಪದರದ ಮೇಲೆ ಪದರ ಉಜ್ಜಿ ಬಂದದ್ದು. ಕಾಣದ ಮೂಲೆಯಲ್ಲಿ ಸ್ಪಿರಿಟ್ ಮುಟ್ಟಿಸಿದ ಹತ್ತಿಯನ್ನು ಕ್ಷಣ ಒತ್ತಿ ನೋಡಿ; ಮೇಲ್ಮೈ ಅಂಟಂಟಾಗಿ ಕಂದು ಬಣ್ಣ ಹತ್ತಿಗೆ ಬಂದರೆ ಅದು ಅರಗು. ಅರಗನ್ನು ಅರಗಿನಿಂದಲೇ ರಿಪೇರಿ ಮಾಡಬಹುದು, ಗೀರು ಬಿದ್ದಲ್ಲಿಗೆ ಮಾತ್ರ. ನನಗೆ ಬೇಕಾದವರ ಮನೆಯಲ್ಲಿ ಒಂದು ಜೊತೆ ಕುರ್ಚಿಗಳನ್ನು ಕಾಸ್ಟಿಕ್ ನೀರಿನಲ್ಲಿ ತೊಳೆದು, ಮರಳು ಕಾಗದ ಹಾಕಿ, ಮೇಲೆ ಮೆಲಮೈನ್ ಹೊಡೆಸಿದರು. ಎಲೆಯ ನಡುನರ ಸವೆದು ಹೋಯಿತು. ಬೀಟೆಯ ನೇರಳೆ ಗೆರೆಗಳು ಬೆಳ್ಳಗೆ ಸತ್ತವು. ಮೇಲೆ ಪ್ಲಾಸ್ಟಿಕ್ಕಿನ ಹೊಳಪು. ಮೆಲಮೈನ್ ಅರಗಿನಂತೆ ಸ್ಪಿರಿಟ್ಟಿಗೆ ಕರಗುವುದಿಲ್ಲ. ಅದನ್ನು ತೆಗೆಯಲು ಮತ್ತೆ ಮರವನ್ನೇ ಉಜ್ಜಬೇಕು.

ಕೆತ್ತನೆಗೆ ಕೊಬ್ಬರಿ ಎಣ್ಣೆ ಬಳಿಯುವ ಅಭ್ಯಾಸವನ್ನೂ ಬಿಡಬೇಕು. ಸಂದಿಯಲ್ಲಿ ಎಣ್ಣೆ, ಧೂಳು ಸೇರಿ ಕರಿಯ ಜಿಡ್ಡಾಗುತ್ತದೆ. ಮೆತ್ತನೆಯ ಕುಂಚದಿಂದ ಧೂಳು ತೆಗೆದು, ವರ್ಷಕ್ಕೊಮ್ಮೆ ತೆಳ್ಳಗೆ ಜೇನುಮೇಣ ಉಜ್ಜಿದರೆ ಸಾಕು. ಬಿಸಿಲು ನೇರ ಬೀಳುವ ಕಿಟಕಿಯ ಪಕ್ಕ, ಏಸಿಯ ಗಾಳಿ ಬಡಿಯುವಲ್ಲಿ ಇಡಬಾರದು. ಮಾರ್ಚಿನ ಒಣ ಹವೆಗೂ ಮಳೆಗಾಲದ ತೇವಕ್ಕೂ ಮರ ಕುಗ್ಗಿ ಹಿಗ್ಗುವಾಗ ಅದಕ್ಕೆ ಜಾಗ ಬೇಕು. ಖಾನೆ ಬಿಗಿಯಾಯಿತೆಂದು ಮಳೆಗಾಲದಲ್ಲಿ ಹತ್ತರಿ ಹಾಕಿಸಿದರೆ ಬೇಸಿಗೆಗೆ ಅದು ಸಡಿಲ.

ಲಿಫ್ಟಿಗೆ ಹಿಡಿಯದ ಬೀರುವನ್ನು ಏನು ಮಾಡುವುದು ಎಂಬುದು ಬಡಾವಣೆಯ ದಿನನಿತ್ಯದ ಪ್ರಶ್ನೆ. ಹಳೆಯ ದೊಡ್ಡ ಬೀರುಗಳಲ್ಲಿ ಬಹುಪಾಲನ್ನು ಬಿಚ್ಚಿ ಸಾಗಿಸುವಂತೆಯೇ ಕಟ್ಟಿರುತ್ತಾರೆ: ಮೇಲಿನ ಕಿರೀಟ ಎತ್ತಿದರೆ ಬರುತ್ತದೆ, ಬೆಣೆ ಕಳಚಿದರೆ ಪಕ್ಕಗಳು ಬೇರೆಯಾಗುತ್ತವೆ. ಗುಜರಿಯವನಿಗೆ ಗರಗಸ ಕೊಡುವ ಮೊದಲು ಒಬ್ಬ ಹಳೆಯ ಬಡಗಿಯನ್ನು ಕರೆಸಿ ತೋರಿಸಬೇಕು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಇಡೀ ಮನೆಗಳನ್ನೇ ಹೀಗೆ ಬಿಚ್ಚಿ ತಂದು ಹಸ್ತಶಿಲ್ಪ ಗ್ರಾಮದಲ್ಲಿ ಮರುಜೋಡಿಸಿದರು. ಕುಕನೂರಿನ ಕಮಲಮಹಲಿನ ಮರಗೆಲಸ ಇವತ್ತು ಅಲ್ಲಿ ನೋಡಲು ಸಿಗುವುದು ಅದರಿಂದ. ಮನೆಯನ್ನೇ ಬಿಚ್ಚಿ ಕೂಡಿಸಲು ಆದರೆ ಬೀರು ಯಾವ ಲೆಕ್ಕ?

ಕೊರತೆ ಇರುವುದು ರಿಪೇರಿ ಬಲ್ಲ ಕೈಗಳದ್ದು. ಕೆಂಗೇರಿ ದಾಟಿ ಬಿಡದಿಯ ಹತ್ತಿರ ಜೋಗರದೊಡ್ಡಿಯಲ್ಲಿ, ಕಾರ್ಕಳದ ಮಿಯ್ಯಾರಿನಲ್ಲಿ ಕೆನರಾ ಬ್ಯಾಂಕಿನ ನೆರವಿನ ಸಂಸ್ಥೆಗಳು ಹುಡುಗರಿಗೆ ಮರದ ಕೆತ್ತನೆ ಕಲಿಸುತ್ತವೆ. ಅಲ್ಲಿ ಕಲಿತವರು ಹೊಸ ವಿಗ್ರಹ, ಹೊಸ ಬಾಗಿಲು ಮಾಡಬಲ್ಲರು. ಮುರಿದ ಎಲೆಯ ತುದಿಯನ್ನು ಅದೇ ಎಳೆಯ ಬೀಟೆಯ ಚೂರು ಹುಡುಕಿ ಕೂಡಿಸುವುದು, ಮರವಜ್ರ ಕುದಿಸುವುದು, ಅರಗಿನ ಪಾಲಿಶ್ ಕೈಯಿಂದ ಏರಿಸುವುದು ಬೇರೆಯೇ ವಿದ್ಯೆ. ಇವುಗಳನ್ನು ಬಲ್ಲ ಹಿರಿಯ ಆಚಾರಿಗಳು ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯದ ಸಣ್ಣ ಶೆಡ್ಡುಗಳಲ್ಲಿ ಇನ್ನೂ ಸಿಗುತ್ತಾರೆ. ಅವರ ಮಕ್ಕಳಲ್ಲಿ ಹೆಚ್ಚಿನವರು ಮಾಡ್ಯುಲರ್ ಕಿಚನ್ ಕೆಲಸಕ್ಕೆ ಹೋಗಿದ್ದಾರೆ, ಸಂಬಳ ಅಲ್ಲಿದೆ. ಈ ತರಬೇತಿ ಶಾಲೆಗಳು ಕೆತ್ತನೆಯ ಜೊತೆಗೆ ಒಂದು ಅವಧಿಯನ್ನು ರಿಪೇರಿಗೆ ಮೀಸಲಿಟ್ಟು, ಈ ಆಚಾರಿಗಳನ್ನು ಪಾಠಕ್ಕೆ ಕರೆಯಬೇಕು. ಬಡಾವಣೆಯ ಮನೆಗಳು ತಮ್ಮ ಮುರಿದ ಕುರ್ಚಿಗಳನ್ನು ಆ ಹುಡುಗರ ಕೈಗೆ ಕೊಟ್ಟು, ಕೂಲಿಯನ್ನು ಚೌಕಾಸಿ ಮಾಡದೆ ಕೊಡಬೇಕು.